ನಮ್ಮತ್ತೆ ಒಪ್ಪಬೇಕ್ರಿ

'ಬೇಡ' ಎನ್ನುವುದು ಎರಡೇ ಅಕ್ಷರದ ಮಾತು. ಇನ್ನೂ ಹಲ್ಲು ಬರದ ಕೂಸು ಕೂಡ ತಲೆಯನ್ನು ಅತ್ತಿತ್ತ ಆಡಿಸಿ ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತದೆ. ನನಗೆ ಮಾತ್ರ ಕೂದಲು ನೆರೆತರೂ ಅದು ನಾಲಿಗೆಗೆ ಒಗ್ಗಿಲ್ಲ. ಮನೆಯೊಳಗೆ ಬರುತ್ತದೆ, ಬರುವುದಿಲ್ಲವೆಂದಲ್ಲ. ಉಪ್ಪಿಟ್ಟು ಬೇಡ, ದೂರದ ನೆಂಟರ ಮದುವೆ ಬೇಡ, ಆದಿವಾರ ಬೆಳಿಗ್ಗೆ ಅಟ್ಟ ಗುಡಿಸುವುದು ಬೇಡ ಎಂದು ಧಾರಾಳವಾಗಿ ಹೇಳುತ್ತೇನೆ. ಆದರೆ ಎದುರಿಗೆ ಮಾರುವವರು ನಿಂತು, ನಗುತ್ತ, "ನೋಡ್ರಿ ಸರ್, ನೋಡಾಕ ರೊಕ್ಕ ಇಲ್ಲ" ಎಂದರೆ ಸಾಕು, ನನ್ನ ಗಂಟಲಿಗೆ ಬೀಗ ಬೀಳುತ್ತದೆ. ಸೀರೆ ಅಂಗಡಿಯವನು ಒಂದರ ಮೇಲೊಂದು ಸೀರೆ ಬಿಚ್ಚಿ ಗುಡ್ಡೆ ಹಾಕುವಾಗ, ಹೆಂಗಸರು ಅಂಚು ನೋಡುತ್ತಾರೆ, ಸೆರಗು ನೋಡುತ್ತಾರೆ. ನಾನು ಅಷ್ಟನ್ನೂ ಮತ್ತೆ ಮಡಿಸಬೇಕಾದ ಆ ಮನುಷ್ಯನ ಮುಖ ನೋಡುತ್ತೇನೆ. ಪಾಪ ಅನಿಸಿ ಒಂದನ್ನು ಕಟ್ಟಿಸಿಯೇ ಬಿಡುತ್ತೇನೆ. ಹೀಗಾಗಿ ನನ್ನ ಹೆಂಡತಿ ಗಿರಿಜ ನನ್ನನ್ನು ಸೀರೆ ಅಂಗಡಿಗೆ ಕರೆದೊಯ್ಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಆದರೂ ಮನೆಬಾಗಿಲಿಗೇ ಬಂದವರು ಮಾರಿ ಹೋದ ಬೆಳ್ಳುಳ್ಳಿ ಸುಲಿಯುವ ಯಂತ್ರ, ಬೆನ್ನು ಕೆರೆದುಕೊಳ್ಳುವ ಪ್ಲಾಸ್ಟಿಕ್ ಕೈ, ಯಾರೂ ಹೊದೆಯದ ದಪ್ಪ ರಗ್ಗು, ಇವೆಲ್ಲ ನಮ್ಮ ಅಟ್ಟದ ಮೇಲೆ ನನ್ನ ಸ್ವಭಾವದ ಪ್ರದರ್ಶನಕ್ಕಿಟ್ಟ ಹಾಗೆ ಕೂತಿವೆ. ಆ ಅಟ್ಟ ಗುಡಿಸಲು ನಾನು ಯಾಕೆ ಒಪ್ಪುವುದಿಲ್ಲ ಎಂದು ಈಗ ತಿಳಿಯಿತಲ್ಲ.

ನಾನು ರಾಯದುರ್ಗದ ಪಶು ಆಸ್ಪತ್ರೆಯಲ್ಲಿ ಗುಮಾಸ್ತ. ದಿನವೆಲ್ಲ ದನಗಳ ನಡುವೆ ಇರುವವನಿಗೆ ಈ ಮುಲಾಜಿನ ರೋಗ ಎಲ್ಲಿಂದ ಅಂಟಿತೋ ಕಾಣೆ. ಎಮ್ಮೆಗೆ ಸೂಜಿ ಬೇಡವಾದರೆ ಅದು ಒದೆಯುತ್ತದೆ. ಅಲ್ಲಿಗೆ ವಿಷಯ ಇತ್ಯರ್ಥ. ನಮ್ಮಪ್ಪ ಎತ್ತು ಕೊಳ್ಳಲು ಸಂತೆಗೆ ಹೋಗುವಾಗ ನಾನೂ ಬೆನ್ನು ಹತ್ತಿ ಹೋಗುತ್ತಿದ್ದೆ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ತೂರಿಸಿ, ಬೆರಳು ಹಿಡಿದು ಹಿಡಿದು ದರ ಮಾತಾಡುತ್ತಿದ್ದರು. ಒಪ್ಪಿಗೆಯಾಗದಿದ್ದರೆ ಕೈ ಬಿಡುತ್ತಿದ್ದರು, ಅಷ್ಟೇ. ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತಿದ್ದರು. ಬಾಯಿ ಬಿಟ್ಟು ಬೇಡ ಎನ್ನುವ ಕಷ್ಟವೇ ಇಲ್ಲದ ಎಂಥ ನಾಗರಿಕ ಪದ್ಧತಿ! ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದರೆ ಅದರ ವಯಸ್ಸೂ ತಿಳಿಯುತ್ತಿತ್ತು. ಕಾರಿಗೆ ಬಾಯಿ ಎಲ್ಲಿದೆ, ಹಲ್ಲು ಎಲ್ಲಿದೆ, ಬಿಡಿಸುವುದು ಹೇಗೆ? ಹೌದು, ನಾನು ಕಾರು ಕೊಳ್ಳಲು ಹೋಗಿದ್ದೆ. ಆ ಕಥೆ ಹೇಳಲೆಂದೇ ಇಷ್ಟು ಸುತ್ತು ಬಳಸಿದ್ದು.

ಕಾರು ಬೇಕೆಂದು ಹಟ ಹಿಡಿದವಳು ಗಿರಿಜ. ಅವಳ ತೌರು ಮಡಕಶಿರ. ರಾಯದುರ್ಗದಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಕಲ್ಯಾಣದುರ್ಗದಲ್ಲಿ ಇಳಿದು ಹತ್ತಿ, ಪಾವಗಡದಲ್ಲಿ ಇಳಿದು ಹತ್ತಿ, ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರಬೇಕು. ಅತ್ತೆ ಮನೆಯ ಊಟಕ್ಕೆ ಎರಡೆರಡು ಸಲ ರಾಜ್ಯದ ಗಡಿ ದಾಟುವ ಅಳಿಯಂದಿರು ಲೋಕದಲ್ಲಿ ಹೆಚ್ಚಿರಲಾರರು. ಹೋದ ಸಲ ಬರುವಾಗ ನಮ್ಮತ್ತೆ ನಂಜಮ್ಮನವರು ಒಂದು ಚೀಲ ಹಸಿ ಕಡಲೆಕಾಯಿ ಕೊಟ್ಟಿದ್ದರು. ಪಾವಗಡದ ಬಸ್ಸಿನಲ್ಲಿ ಕೂರಲು ಜಾಗವಿಲ್ಲದೆ ಗಿರಿಜ ಆ ಚೀಲದ ಮೇಲೆಯೇ ಕೂತಿದ್ದಳು. ಯಾರದೋ ಮಡಿಲಲ್ಲಿದ್ದ ಹುಂಜ ಚೀಲದ ತೂತಿಗೆ ಕೊಕ್ಕು ಹಾಕಿ ದಾರಿಯುದ್ದಕ್ಕೂ ಫಲಾಹಾರ ಮಾಡಿತು. ಮನೆ ತಲುಪಿ ಚೀಲ ನೋಡಿದವಳೇ, "ಇನ್ನ ನಾನು ಬಸ್ ಹತ್ತಲ್ರಿ. ಸಣ್ಣದೋ ಪುಟ್ಟದೋ ಒಂದು ಕಾರು ತಗೊಳ್ರಿ," ಎಂದಳು. ಸಣ್ಣದೋ ಪುಟ್ಟದೋ ಎಂದಿದ್ದಳು. ಅದನ್ನು ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ.

ಬಳ್ಳಾರಿ ರಸ್ತೆಯ ಶೋರೂಮಿಗೆ ಹೋದೆ. ಅನಂತಪುರದ ದೊಡ್ಡ ಶೋರೂಮಿನ ಸಣ್ಣ ಶಾಖೆ ಅದು. ಗಾಜಿನ ಬಾಗಿಲು, ಒಳಗೆ ತಂಪು, ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಮಿನುಗುವ ಕಾರುಗಳು. ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಎದ್ದು ಬಂದು ನಮಸ್ಕಾರ ಎಂದಳು. ನಾನು ಅವಳ ಹಿಂದೆ, ಅಕ್ಕಪಕ್ಕ ನೋಡಿ, "ಸರ್ ಯಾರೂ ಇಲ್ಲೇನಮ್ಮಾ?" ಎಂದೆ. ಬಾಯಿಂದ ಬಿದ್ದ ಮೇಲೆ ತಿಳಿಯಿತು ಎಂಥ ಮಾತು ಎಂದು. ಅವಳ ಮುಖದ ನಗು ಒಂದು ಎಳೆಯೂ ಕದಲಲಿಲ್ಲ. "ಸರ್ ಅದಾರ್ರಿ, ಚಾ ಕುಡಿಯಾಕ ಹೋಗ್ಯಾರ. ಕಾರು ಇಲ್ಲೇ ಅದಾವ್ರಿ. ನಾನು ತೋರಿಸ್ಲಾ, ಸರ್ ಬರೂತನಕ ಕೂಡ್ತೀರಾ?" ಎಂದಳು.

ಆ ಕ್ಷಣವೇ ನಾನು ಸೋತೆ. ಆದ ತಪ್ಪನ್ನು ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಅವಳು ಹೇಳಿದ್ದಕ್ಕೆಲ್ಲ ಹೌದು ಹೌದು ಎನ್ನತೊಡಗಿದೆ. ಹೆಸರು ಶೈಲಜ, ಊರು ನೇಮಕಲ್ಲು ಎಂದಳು. ನೇಮಕಲ್ಲಿನ ಆಂಜನೇಯ ನಮ್ಮ ಮನೆದೇವರಿದ್ದಂತೆ ಎಂದೆ. ವಾಸ್ತವದಲ್ಲಿ ಒಂದು ಸಲ ಹೋಗಿದ್ದೇನೆ. "ಬಾಳ ಓಡಾಟ ಐತೇನ್ರಿ?" ಎಂದಳು. ವರ್ಷಕ್ಕೊಮ್ಮೆ ಮಡಕಶಿರಕ್ಕೆ ಹೋಗುವ ನಾನು, "ಅಯ್ಯೋ, ತಿರುಪತಿ, ಬೆಂಗಳೂರು, ಹಂಪಿ, ಕಾಲು ನಿಲ್ಲಂಗಿಲ್ಲ," ಎಂದೆ. "ಡ್ರೈವಿಂಗ್ ಮೊದಲಿಂದ ಬರ್ತೈತಲ್ರಿ?" ಎಂದಳು. ಡ್ರೈವಿಂಗ್ ಸ್ಕೂಲಿನಲ್ಲಿ ಆಗತಾನೇ ಕಲಿತು ಮುಗಿಸಿದ್ದ ನಾನು, ಅದೇನು ಕೇಳುವ ಮಾತೇ ಎಂಬಂತೆ ನಕ್ಕೆ. ಇಷ್ಟು ದೊಡ್ಡ ಮನುಷ್ಯನಿಗೆ ಸಣ್ಣ ಕಾರು ತೋರಿಸುವುದು ಯಾವ ಮರ್ಯಾದೆ? ಅವಳು ನೇರವಾಗಿ ದೊಡ್ಡ ಕಾರಿನ ಬಳಿ ಕರೆದೊಯ್ದಳು. ಒಂದು ಗುಂಡಿ ಒತ್ತಿದರೆ ಅದರ ಮಾಳಿಗೆಯೇ ಸರಿದು ಆಕಾಶ ಕಾಣುತ್ತಿತ್ತು. ರಾಯದುರ್ಗದ ಬಿಸಿಲಲ್ಲಿ ಮಾಳಿಗೆ ತೆಗೆದು ಕೂತರೆ ನಾವು ಹೆಂಚಿನ ಮೇಲಿನ ರೊಟ್ಟಿ. ಆದರೂ "ಆಹಾ!" ಎಂದೆ. "ಈ ಬಣ್ಣದಾಗ ಇದೊಂದೇ ಉಳದೈತ್ರಿ ಸರ್," ಎಂದಳು. ಅಲ್ಲಿಗೆ ನಾನು ಅದರ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೇಕಿಲ್ಲದ ಕಾರು ಬೇರೆಯವರ ಪಾಲಾದೀತೆಂದು ನನಗೆ ಯಾಕೆ ಹೆದರಿಕೆಯಾಗಬೇಕು, ನೀವೇ ಹೇಳಿ.

ಟೆಸ್ಟ್ ಡ್ರೈವ್ ಎಂದಳು. ರೈಲ್ವೆ ಗೇಟಿನ ಬಳಿ ಮುಂದಿನ ಲಾರಿ ನಿಂತಾಗ ನಾನೂ ನಿಂತೆ. ಲಾರಿ ಹೊರಟಾಗ ನನ್ನ ಇಂಜಿನ್ ಹೊರಡಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಆರಿತು. ಹಿಂದೆ ಹಾರನ್ನುಗಳ ಜಾತ್ರೆ. "ಹೊಸ ಗಾಡಿ ನೋಡ್ರಿ, ಕ್ಲಚ್ ಸ್ವಲ್ಪ ಗಟ್ಟಿ," ಎಂದಳು ಶೈಲಜ. ಅದನ್ನು ಅವಳು ನಂಬಿ ಹೇಳಿದಳೋ, ನನ್ನ ಮಾನ ಮುಚ್ಚಲು ಹೇಳಿದಳೋ ಆಗ ತಿಳಿಯಲಿಲ್ಲ. ಬೆವರು ಒರೆಸಿಕೊಂಡು, "ನೋಡೋಣ್ರಿ, ಮನ್ಯಾಗ ಕೇಳಿ ಹೇಳ್ತೀನಿ," ಎಂದು ತಪ್ಪಿಸಿಕೊಂಡು ಬಂದೆ.

ಆಮೇಲೆ ಶುರುವಾಯಿತು ಫೋನು. ಒರಟು ಮಾತಾಡಿದ್ದರೆ ನಾನೂ ಒರಟಾಗುತ್ತಿದ್ದೆನೇನೋ. ಆದರೆ ಅವಳು, "ಸರ್, ಊಟ ಆತ್ರಿ? ಮನ್ಯಾಗ ಎಲ್ಲಾರೂ ಆರಾಮ ಅದಾರ್ರಿ?" ಎಂದು ಕೇಳುವಳು. ನನ್ನ ಊಟದ ಬಗ್ಗೆ ಇಷ್ಟು ಕಾಳಜಿ ಮಾಡುವವಳಿಗೆ ಬೇಡ ಎನ್ನುವುದು ಹೇಗೆ? "ಇವತ್ತು ಡಾಕ್ಟರು ಕ್ಯಾಂಪ್ ಹೋಗ್ಯಾರ್ರಿ", "ಇವತ್ತು ಅಮಾವಾಸ್ಯೆರಿ", "ನಮ್ಮ ತಮ್ಮ ಇನ್ನೊಂದು ಕಂಪನಿದು ನೋಡ್ತೀನಿ ಅಂದಾನ್ರಿ" ಎಂದು ದಿನಕ್ಕೊಂದು ಕಾರಣ ಹೆಣೆದೆ. ನನಗೆ ತಮ್ಮನೇ ಇಲ್ಲ. ಫೋನು ಗುನುಗಿದರೆ ದಿಂಬಿನಡಿ ತಳ್ಳುತ್ತಿದ್ದೆ. ಒಂದು ದಿನ ಅದನ್ನು ಅಕ್ಕಿಯ ಡಬ್ಬಿಯೊಳಗೆ ಹೂತಿಟ್ಟೆ. ಗಿರಿಜ ಅನ್ನಕ್ಕೆ ಅಕ್ಕಿ ತೆಗೆಯಲು ಕೈ ಹಾಕಿದಾಗ ಅಕ್ಕಿಯೇ ನಡುಗಿ ಅವಳು ಕಿರುಚಿಕೊಂಡಳು. "ಇಲಿ ಅಲ್ಲ, ಆಫೀಸಿಂದು," ಎಂದೆ.

ಕೊನೆಗೆ ಕಾರಣಗಳೆಲ್ಲ ತೀರಿಹೋದವು. "ಸರ್, ಒಂದು ಮಾತು ಹೇಳ್ರಿ. ಏನು ಅಡ್ಡ ಬರ್ತೈತಿ?" ಎಂದು ಅವಳು ಕೇಳಿದಾಗ ಬಾಯಿಂದ ತಾನಾಗಿ ಬಂತು: "ನನ್ನದೇನೂ ಇಲ್ರಿ ಮೇಡಂ. ಆದ್ರ ನಮ್ಮತ್ತೆ ಒಪ್ಪಬೇಕ್ರಿ. ಮಡಕಶಿರದಾಗ ಇರ್ತಾರ. ಬಾಳ ಖಡಕ್ ಹೆಂಗಸು. ಅವರು ಹೂಂ ಅನ್ನದೆ ನಮ್ಮ ಮನ್ಯಾಗ ಒಂದು ಚಮಚ ಸೈತ ತಗಳಂಗಿಲ್ಲ." ಸತ್ಯ ಏನೆಂದರೆ, ನಂಜಮ್ಮನವರಷ್ಟು ತಮ್ಮ ಪಾಡಿಗೆ ತಾವಿರುವ ಅತ್ತೆ ಸಿಗುವುದು ಕಷ್ಟ. ಮಗ ಸೊಸೆಯ ಜೊತೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿಕೊಂಡು, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು ಇರುವವರು. ನಾವು ಕಾರು ಕೊಳ್ಳುವ ಸುದ್ದಿಯೇ ಅವರಿಗೆ ತಿಳಿದಿರಲಿಲ್ಲ. ಎರಡೆರಡು ಗಡಿಯಾಚೆ ಇರುವ ಅತ್ತೆ ಅಭೇದ್ಯ ಕೋಟೆ ಎಂದುಕೊಂಡು ನೆಮ್ಮದಿಯಾಗಿ ಉಸಿರು ಬಿಟ್ಟೆ.

ಆ ಕಡೆಯಿಂದ ಶೈಲಜಳ ದನಿ ಅರಳಿತು. "ಅಯ್ಯ, ಇಷ್ಟೇ ಏನ್ರಿ! ಬರೂ ಆದಿವಾರ ಮಡಕಶಿರದಾಗ ನಮ್ಮ ಕ್ಯಾಂಪ್ ಐತ್ರಿ. ಬಸ್ ಸ್ಟ್ಯಾಂಡ್ ಹತ್ರ ಶಾಮಿಯಾನ ಹಾಕಿ ಗಾಡಿ ನಿಲ್ಲಸ್ತೀವಿ. ಎಲ್ಲಾ ಬ್ರಾಂಚ್‌ನೋರೂ ಹೋಗಬೇಕು. ಡೆಮೊ ಗಾಡಿ ನಾನೇ ಹೊಡಕೊಂಡು ಹೊಂಟೀನಿ. ನೀವೂ ಅಕ್ಕಾರೂ ಜೊತಿಗೆ ಬರ್ರಿ. ಅಮ್ಮಾರನ್ನ ಕೂಡ್ಸಿ ಒಂದು ಸುತ್ತು ಹಾಕ್ಸಿದ್ರ ಅವರೇ ಹೂಂ ಅಂತಾರ." ಇಲ್ಲ ಎನ್ನಲು ಬಾಯಿ ತೆರೆದೆ. "ಆಗ್ಲಿರಿ" ಎಂಬ ಮಾತು ಹೊರಗೆ ಬಂತು. ಗಿರಿಜಳಿಗೆ ತಿಳಿಸಿದರೆ ಅವಳಾದರೂ ಬೇಡ ಎಂದಾಳೆಂಬ ಆಸೆಯಿತ್ತು. ಬಸ್ಸಿಲ್ಲದೆ ತೌರಿಗೆ ಹೋಗಬಹುದೆಂದು ಕೇಳಿದವಳು ಆಗಲೇ ಹೋಳಿಗೆಗೆ ಬೇಳೆ ನೆನೆಹಾಕಿದಳು. ಅತ್ತೆಯ ಹೆಸರಿನ ಸುಳ್ಳನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಆದಿವಾರ ಬೆಳಿಗ್ಗೆ ಕಾರು ಮನೆ ಮುಂದೆ ಬಂತು. ಮುಂದಿನ ಸೀಟಿನಲ್ಲಿ ನಾನು, ಹಿಂದೆ ಗಿರಿಜ ಮತ್ತು ಹೋಳಿಗೆ ಡಬ್ಬಿ. ಹೊರಡುವ ಮೊದಲು ಶೈಲಜ ನನ್ನ ಫೋನು ಇಸಿದುಕೊಂಡು ಏನೇನೋ ಒತ್ತಿ, "ನಿಮ್ಮ ಫೋನನ್ನ ಗಾಡಿಗೆ ಕನೆಕ್ಟ್ ಮಾಡೀನ್ರಿ. ಯಾರಾದ್ರೂ ಫೋನ್ ಮಾಡಿದ್ರ ಈ ಸ್ಪೀಕರ್‌ನಾಗ ಕೇಳಸ್ತೈತಿ. ಸ್ಟೇರಿಂಗ್ ಬಿಡದಂಗ ಮಾತಾಡಬಹುದು," ಎಂದು ತೋರಿಸಿದಳು. ನಾನು "ಆಹಾ" ಎಂದೆ. ಏನು ತೋರಿಸಿದಳೆಂದು ಕೇಳಿದ್ದರೆ ಒಂದಕ್ಷರ ಹೇಳುತ್ತಿರಲಿಲ್ಲ. ನನ್ನ ಮನಸ್ಸೆಲ್ಲ ಮಡಕಶಿರದ ಬಾಗಿಲಲ್ಲಿತ್ತು. ಕಾರು ಇಳಿದ ಕೂಡಲೇ ಶೈಲಜ, "ಅಮ್ಮಾ, ನೀವು ಒಪ್ಪಬೇಕಂತ" ಎನ್ನುತ್ತಾಳೆ. ಅತ್ತೆ, "ಯಾವ ಕಾರು ತಾಯಿ?" ಎನ್ನುತ್ತಾರೆ. ಆಮೇಲೆ ಮೂರು ಹೆಂಗಸರೂ ನನ್ನ ಕಡೆ ತಿರುಗುತ್ತಾರೆ. ಆ ಮೂರು ಜೊತೆ ಕಣ್ಣು ದಾರಿಯ ಪ್ರತಿ ಮೈಲಿಗಲ್ಲಿನ ಮೇಲೂ ನನ್ನನ್ನೇ ನೋಡುತ್ತಿದ್ದವು.

ದಾರಿಯಲ್ಲೇ ಅಪಾಯ ಶುರುವಾಯಿತು. "ಅಕ್ಕಾರೆ, ಅಮ್ಮಾರು ಬಾಳ ಸ್ಟ್ರಿಕ್ಟ್ ಅಂತಲ್ರಿ?" ಎಂದಳು ಶೈಲಜ. "ಯಾರು, ನಮ್ಮವ್ವನಾ?" ಎಂದು ಗಿರಿಜ ನಗುವಷ್ಟರಲ್ಲಿ ನಾನು ಜೋರಾಗಿ ಕೆಮ್ಮಿದೆ. "ಅವರು ಹೂಂ ಅನ್ನದೆ ಏನೂ ತಗಳಂಗಿಲ್ಲಂತ..." ಎನ್ನುವಷ್ಟರಲ್ಲಿ ಮತ್ತೆ ಕೆಮ್ಮಿದೆ. "ಏಸಿ ಆಗಿ ಬರ್ತಿಲ್ಲ ಇವ್ರಿಗೆ, ಕಿಟಕಿ ಇಳಿಸಮ್ಮ," ಎಂದಳು ಗಿರಿಜ. ಕಿಟಕಿಗಳೆಲ್ಲ ಇಳಿದವು. ಇಲ್ಲದ ಕೆಮ್ಮಿಗೆ ಇದ್ದ ಧೂಳೂ ಸೇರಿ ನಿಜವಾದ ಕೆಮ್ಮೇ ಬಂತು.

ಕಲ್ಯಾಣದುರ್ಗ ದಾಟಿ ಒಂದು ಹುಣಸೆಮರದ ನೆರಳಲ್ಲಿ ಚಾ ಕುಡಿಯಲು ನಿಲ್ಲಿಸಿದೆವು. ಹೆಂಗಸರಿಬ್ಬರೂ ಕಾರಿನಲ್ಲೇ ಕೂತು, ಹಾಡು ಹಾಕಿಕೊಂಡು ಚಾ ಕುಡಿಯತೊಡಗಿದರು. ನನಗೆ ಅದೇ ಸಮಯ ಎನಿಸಿತು. ಕಾರಿನ ಹಿಂದೆ ಹೋಗಿ, ಡಿಕ್ಕಿಗೆ ಒರಗಿ ನಿಂತು, ಅತ್ತೆಗೆ ಫೋನು ಹಚ್ಚಿದೆ. ಒಳಗೆ ಹಾಡು ತಟ್ಟನೆ ನಿಂತಿತು. ಒಳ್ಳೆಯದಾಯಿತು, ಮಾತು ಸ್ಪಷ್ಟ ಕೇಳುತ್ತದೆ ಅಂದುಕೊಂಡೆ. ಆದರೆ ಫೋನಿನಲ್ಲಿ ಸದ್ದೇ ಇಲ್ಲ. ನಮ್ಮತ್ತೆಗೆ ಕಿವಿ ಸ್ವಲ್ಪ ಮಂದ. ಫೋನನ್ನು ಉಲ್ಟಾ ಹಿಡಿದಿರಬೇಕೆಂದು ದನಿ ಏರಿಸಿದೆ.

"ಅತ್ತೆಮ್ಮಾ! ಕೇಳಸ್ತೈತೇನ್ರಿ? ಕಾರಿನೋರು ಬರಾಕ ಹತ್ಯಾರ. ನಿಮ್ಮನ್ನ ಕೇಳ್ತಾರ. 'ನನಗ ಈ ಕಾರು ಸುತರಾಂ ಇಷ್ಟ ಇಲ್ಲ' ಅಂದುಬಿಡ್ರಿ! ಬಣ್ಣ ಚಲೋ ಇಲ್ಲ ಅನ್ರಿ! ನಾನೇ ಹೇಳಿಕೊಟ್ಟೆ ಅಂತ ಮಾತ್ರ ಯಾರಿಗೂ ಹೇಳಬ್ಯಾಡ್ರಿ! ಗಿರಿಜಗಂತೂ ಬ್ಯಾಡೇ ಬ್ಯಾಡ್ರಿ!"

ಉತ್ತರವಾಗಿ ಅತ್ತೆಯ ದನಿ ಬಂತು. ಫೋನಿನಿಂದಲ್ಲ, ಕಾರಿನಿಂದ. ನಾಲ್ಕೂ ಬಾಗಿಲಿನ ಸ್ಪೀಕರುಗಳಿಂದ, ಹುಣಸೆಮರದ ಕಾಗೆಗಳು ಏಳುವಂತೆ. "ಯಾರು? ಅಳಿಯಂದ್ರಾ? ಏನೂ ಕೇಳಿಸ್ತಿಲ್ವಲ್ಲಪ್ಪ. ಯಾವ ಕಾರು? ಏನು ಇಷ್ಟ ಇಲ್ಲ?" ಅದರ ಹಿಂದೆಯೇ ಕಾರಿನೊಳಗಿನಿಂದ ಗಿರಿಜಳ ದನಿ: "ಅವ್ವಾ, ನಾನು ಕಣೆ. ನಮಗೆ ಎಲ್ಲಾ ಕೇಳಿಸ್ತು. ಇರು, ನಾನು ಹೇಳ್ತೀನಿ." ಬೆಳಿಗ್ಗೆ ಶೈಲಜ ಏನು ತೋರಿಸಿದ್ದಳೆಂದು ಆಗ ಪೂರ್ತಿಯಾಗಿ ಅರ್ಥವಾಯಿತು. ಚಾ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ, ತೆಲುಗಿನಲ್ಲಿ, "ಇಂಕೋ ಟೀ ಕಾವಾಲಾ ಸಾರ್?" ಎಂದ. ಮುಖ ನೋಡಿ ಕರುಣೆ ಬಂದಿರಬೇಕು. ಬೇಡವಾಗಿದ್ದರೂ ಇನ್ನೊಂದು ಚಾ ಕುಡಿದೆ.

ವಾಪಸ್ಸು ಬಂದಾಗ ಗಿರಿಜ ಮುಂದಿನ ಸೀಟಿಗೆ ಬಂದು ಕೂತಿದ್ದಳು. ನಾನು ಏನೂ ಕೇಳದೆ ಹಿಂದೆ, ಹೋಳಿಗೆ ಡಬ್ಬಿಯ ಪಕ್ಕ ಕೂತೆ. ಕಾರು ಹೊರಟಿತು. ಎರಡೂ ಕಡೆ ಕಡಲೆಕಾಯಿ ಹೊಲ, ಬೋಳುಗುಡ್ಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಹಳ ಹೊತ್ತಿನ ಮೇಲೆ ಗಿರಿಜ ತಿರುಗದೆಯೇ, "ನಮ್ಮವ್ವ ನಿಮಗೇನು ಮಾಡಿದ್ಲು? ಗೊತ್ತಿಲ್ಲದೋರ ಮುಂದೆ ಅವಳನ್ನ ಗಯ್ಯಾಳಿ ಮಾಡಿಟ್ರಲ್ಲ," ಎಂದಳು. ರಾಯದುರ್ಗದಲ್ಲಿ ನನ್ನಂತೆಯೇ ಮಾತಾಡುವ ಗಿರಿಜಳ ಕನ್ನಡ ಪಾವಗಡದ ದಿಕ್ಕಿಗೆ ತಿರುಗಿದೊಡನೆ ತೌರಿನದಾಗುತ್ತದೆ. ತೌರಿನ ಕನ್ನಡದಲ್ಲಿ ಬೈಸಿಕೊಳ್ಳುವುದು ಹೆಚ್ಚು ನೋಯುತ್ತದೆ. ಅವಳ ಮಾತು ನಿಜವಾಗಿತ್ತು.

ಆಮೇಲೆ ಶೈಲಜ ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಸರ್, ಒಂದು ಮಾತು ಕೇಳ್ಲಾ? ಬ್ಯಾಡ ಅಂತ ಯಾಕ ಹೇಳ್ಲಿಲ್ರಿ?"

"ನಿಮಗ ಬೇಜಾರಾಗ್ತೈತಿ ಅಂತ್ರಿ."

ಅವಳು ನಕ್ಕಳು. ಶೋರೂಮಿನ ನಗುವಲ್ಲ, ಬೇರೆಯದು. "ಬ್ಯಾಡ ಅಂದ್ರ ನನಗ ಬೇಜಾರಿಲ್ರಿ. ಬ್ಯಾಡ ಅಂದೋರನ್ನ ಬಿಟ್ಟು ಇನ್ನೊಬ್ರನ್ನ ನೋಡ್ತೀನಿ. 'ನೋಡೋಣ' ಅಂತಾರಲ್ರಿ, ಅವರೇ ನಮ್ಮನ್ನ ಕೊಲ್ಲೋರು. ಮ್ಯಾನೇಜರು ಕೇಳಿದಾಗೆಲ್ಲ 'ಪಶು ಆಸ್ಪತ್ರಿ ಸಾರು ಪಕ್ಕಾ ಅದಾರ, ಅವರತ್ತೆ ಒಪ್ಪೂದೊಂದೇ ಬಾಕಿ' ಅಂತ ಹೇಳ್ಕೊಂತ ಬಂದೀನ್ರಿ. ನಿಮ್ಮ ನಂಬಿ ನಮ್ಮ ಮಗಳ ಸ್ಕೂಲಿನೋರು ಫೀಸು ಕೇಳಿದ್ರ ಅವರಿಗೂ 'ನೋಡೋಣ್ರಿ' ಅಂದೀನಿ." ಗೇರು ಬದಲಿಸಿ ಮತ್ತೆ ಹೇಳಿದಳು: "ನಾನೇನು ಸತ್ಯಹರಿಶ್ಚಂದ್ರನ ಮೊಮ್ಮಗಳಲ್ಲ ಬಿಡ್ರಿ. ಆ ಬಣ್ಣದಾಗ ಒಂದೇ ಉಳದೈತಿ ಅಂದೆ. ಗೋಡೌನ್‌ನಾಗ ಸಾಲಿಗೆ ನಿಂತಾವ. ಕ್ಲಚ್ಚೂ ಗಟ್ಟಿ ಇಲ್ರಿ, ನಿಮ್ಮ ಕಾಲು ನಡಗ್ತಿತ್ತು."

ಗಿರಿಜ ಫಕ್ಕನೆ ನಕ್ಕಳು. ನನಗೂ ನಗು ಬಂತು, ಆದರೆ ನಗುವ ಹಕ್ಕು ಇದೆಯೋ ಇಲ್ಲವೋ ತಿಳಿಯದೆ ಕಿಟಕಿಯ ಕಡೆ ತಿರುಗಿಕೊಂಡು ನಕ್ಕೆ. "ಮೊದಲ ದಿನ 'ಸರ್ ಇಲ್ಲೇನಮ್ಮಾ' ಅಂದದ್ದು ತಪ್ಪಾತ್ರಿ ಮೇಡಂ," ಎಂದೆ. "ಅದನ್ನ ಬಿಡ್ರಿ. ಎಲ್ಲಾರೂ ಅಂತಾರ. ಆಮ್ಯಾಲ ನಾಚಿಕೊಂಡೋರು ನೀವೊಬ್ರೇ," ಎಂದಳು. ಆ ನಾಚಿಕೆಯನ್ನು ನೋಡಿಯೇ ಅವಳು ದೊಡ್ಡ ಕಾರು ತೋರಿಸಿದ್ದಿರಬೇಕು ಎಂಬ ಅನುಮಾನ ನನಗೆ ಆಮೇಲೆ ಬಂತು. ಕೇಳಲಿಲ್ಲ.

ಮಡಕಶಿರದ ಬೆಟ್ಟ ಕಂಡಾಗ ಹೋಳಿಗೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡೆ. ಅತ್ತೆ ಅಂಗಳದಲ್ಲೇ ಕುರ್ಚಿ ಹಾಕಿಕೊಂಡು, ಕೋಲನ್ನು ಮಡಿಲಲ್ಲಿಟ್ಟುಕೊಂಡು ಕಾದಿದ್ದರು. ನಾನು ಇಳಿದು, ಬಗ್ಗಿ ಕಾಲು ಮುಟ್ಟಲು ಹೋದೆ. "ಬನ್ನಿ ಅಳಿಯಂದ್ರೆ," ಎಂದರು ಗಂಭೀರವಾಗಿ. "ನಾನು ಈ ಕಾರು ಒಪ್ಪಲ್ಲ ಅಂತಿದ್ದೀನಂತಲ್ಲ. ಯಾಕೆ ಒಪ್ಪಲ್ಲ ಅನ್ನೋದ್ನ ನಂಗೂ ಒಸಿ ಹೇಳ್ಬಿಡಿ. ಯಾರಾನ ಕೇಳಿದ್ರೆ ಹೇಳ್ಬೇಕಲ್ಲ." ನಾನು ಬಗ್ಗಿದವನು ಏಳಲೇ ಇಲ್ಲ. ಅತ್ತೆಯೇ ಭುಜ ತಟ್ಟಿ, "ಏಳಿ, ಏಳಿ. ನಾನೂ ಒಂದು ಕಿತ ಖಡಕ್ ಹೆಂಗ್ಸು ಅನ್ನಿಸ್ಕೊಂಡ್ನಲ್ಲ, ಸಾಕು. ನಮ್ಮ ಸೊಸೆಗೂ ಹೇಳಿ," ಎಂದರು.

ಶೈಲಜಳಿಗೆ ಕ್ಯಾಂಪಿನ ಅವಸರವಿತ್ತು. ಅತ್ತೆ ಬಿಡಲಿಲ್ಲ, ಕೂರಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು, ಎದುರಿಗೆ ಕೂತು ಕೇಳಿದರು. ನಿಂತು ನಿಂತು ಕಾಲು ನೋಯಲ್ವಾ, ಮಗಳ್ನ ಯಾರ ಹತ್ರ ಬಿಟ್ಟು ಬತ್ತೀಯ, ಗಂಡಸ್ರು ನೆಟ್ಟಗೆ ಮಾತಾಡುಸ್ತಾರಾ ಎಂದೆಲ್ಲ. ನಾನು ಅಷ್ಟೊಂದು ಸಲ ಅವಳ ಜೊತೆ ಮಾತಾಡಿದ್ದೆ. ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ನನ್ನ ಊಟದ ವಿಚಾರವೇ ಮಾತಾಡಿ ಮುಗಿಸಿದ್ದೆ. ಊಟವಾದ ಮೇಲೆ ಅತ್ತೆ ಕಾರಿನ ಬಳಿ ಬಂದರು. ಕಾಲೆತ್ತಿ ಹತ್ತಲು ನೋಡಿದರು. ಮಂಡಿ ಮೇಲೇಳಲಿಲ್ಲ. ಗಿರಿಜ ಒಂದು ಕಡೆ, ನಾನೊಂದು ಕಡೆ ಹಿಡಿದು ಹತ್ತಿಸಿದೆವು. ಒಳಗೆ ಕೂತು, ಸುತ್ತ ನೋಡಿ, ಗುಂಡಿ ಒತ್ತಿಸಿಕೊಂಡು ಆಕಾಶವನ್ನೂ ನೋಡಿ, ಶೈಲಜಳ ಕೈ ಹಿಡಿದುಕೊಂಡರು.

"ನೋಡಮ್ಮ, ಇದ್ನ ಮಾರಿದ್ರೆ ನಿಂಗೆ ಒಳ್ಳೇದಾಗ್ತದೆ, ಅದು ನಂಗೆ ತಿಳೀತದೆ. ಆದ್ರೆ ಒಂದು ಕೇಳ್ತೀನಿ. ಇವ್ರು ನಿಮ್ಮಣ್ಣನೇ ಆಗಿದ್ದಿದ್ರೆ ಇದೇ ಕಾರು ತಕ್ಕೊ ಅಂತಿದ್ಯಾ?"

ಶೈಲಜ ನೆಲ ನೋಡಿದಳು. ಹೂಂ ಎಂದುಬಿಡಲಿ, ಕೊಂಡೇಬಿಡೋಣ, ಅವಳ ಮಗಳ ಸ್ಕೂಲಿನವರಾದರೂ ಸುಮ್ಮನಾಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ತಲೆಯೆತ್ತಿ, "ಇಲ್ರಿ ಅಮ್ಮಾ," ಎಂದಳು. "ಸಣ್ಣದು ಸಾಕ್ರಿ. ಇದು ನಿಮ್ಮ ಮಂಡಿಗೂ ಆಗಂಗಿಲ್ಲ, ಸಾರ್ ಕೈಗೂ ಆಗಂಗಿಲ್ಲ. ಸಣ್ಣದ್ರಾಗ ನೀವು ಕುರ್ಚಿ ಮ್ಯಾಲ ಕೂತಂಗ ಕೂಡಬಹುದು."

ಅತ್ತೆ ನನ್ನ ಕಡೆ ತಿರುಗಿದರು. "ಈಗ ನೀವು ಹೇಳಿ ಅಳಿಯಂದ್ರೆ. ನನ್ನ ಹೆಸರು ಹೇಳ್ದಂಗೆ." ಮೂವರೂ ನನ್ನನ್ನು ನೋಡುತ್ತಿದ್ದರು. ದಾರಿಯುದ್ದಕ್ಕೂ ಹೆದರಿದ್ದ ಅದೇ ಮೂರು ಜೊತೆ ಕಣ್ಣು. "ದೊಡ್ಡದು ಬ್ಯಾಡ್ರಿ ಮೇಡಂ," ಎಂದೆ. ಹೇಳಿದ ಮೇಲೆ ಸಿಡಿಲೇನೂ ಬೀಳಲಿಲ್ಲ. ಶೈಲಜ, "ಥ್ಯಾಂಕ್ಸ್ ರೀ ಸರ್," ಎಂದಳು, ಹೂಂ ಎಂದಿದ್ದರೂ ಅಷ್ಟು ಸಂತೋಷದಿಂದ ಹೇಳುತ್ತಿದ್ದಳೋ ಇಲ್ಲವೋ. ಅಲ್ಲೇ ಸಣ್ಣ ಕಾರು ಗೊತ್ತುಮಾಡಿದೆವು. ಶೈಲಜ ಕ್ಯಾಂಪಿಗೆ ಹೊರಟಳು. ಅತ್ತೆ ಅವಳ ಹಿಂದಿನ ಸೀಟಿನ ತುಂಬ ಕಡಲೆಕಾಯಿ ಸುರಿಸಿ ಕಳಿಸಿದರು.

ಸಣ್ಣ ಕಾರು ಮನೆಗೆ ಬಂತು. ಶೈಲಜಳೇ ತಂದು ನಿಲ್ಲಿಸಿ, ಗಿರಿಜ ಕೊಟ್ಟ ಕುಂಕುಮ ಇಟ್ಟುಕೊಂಡು, ನನಗೆ ಹಿಂದಕ್ಕೆ ತೆಗೆಯುವುದನ್ನು ಮತ್ತೊಮ್ಮೆ ಹೇಳಿಕೊಟ್ಟು ಹೋದಳು. ಇಲ್ಲಿಗೆ ಮುಗಿದಿದ್ದರೆ ನಾನು ಸತ್ಯದ ಮಹಿಮೆಯ ಬಗ್ಗೆ ನಿಮಗೆ ನಾಲ್ಕು ಮಾತು ಹೇಳಿ ಏಳಬಹುದಿತ್ತು. ಕೆಲವು ದಿನಗಳ ಮೇಲೆ ಅನಂತಪುರದಲ್ಲಿರುವ ಅವರ ಮ್ಯಾನೇಜರಿಂದ ಫೋನು ಬಂತು. ಅರ್ಧ ತೆಲುಗು, ಅರ್ಧ ಕನ್ನಡ, ಬಹಳ ವಿನಯ. "ಸಾರ್, ಮೀರು ದೊಡ್ಡ ಗಾಡಿ ಪಕ್ಕಾ ಅಂತಿದ್ರಂತೆ. ಸಣ್ಣದಕ್ಕೆ ಯಾಕೆ ಇಳಿದ್ರಿ? ನಮ್ಮ ಶೈಲಜ ಏನಾದ್ರೂ ದೊಡ್ಡದು ಬ್ಯಾಡ ಅಂದ್ಲಾ ಸಾರ್? ನಿಜ ಚೆಪ್ಪಂಡಿ, ಪರವಾಲೇದು." ನಿಜ ಹೇಳಿದರೆ ಯಾರಿಗೆ ಪರವಾಗಿಲ್ಲ, ಯಾರಿಗೆ ಪರವಾಗಿದೆ ಎಂದು ತಿಳಿಯದಷ್ಟು ದಡ್ಡ ನಾನಲ್ಲ. "ಛೆ ಛೆ!" ಎಂದೆ. "ಆಯಮ್ಮ ದೊಡ್ಡದೇ ತಗೊಳ್ರಿ ಅಂತ ಪ್ರಾಣ ತಿಂದ್ಲುರಿ. ಏನ್ಮಾಡೋದು, ನಮ್ಮ ಮನಿ ಗೇಟು ಬಾಳ ಸಣ್ಣದು. ದೊಡ್ಡ ಗಾಡಿ ಹೊಗಂಗಿಲ್ಲ."

"ಗೇಟಾ ಸಾರ್? ಅಷ್ಟೇನಾ? ಎಷ್ಟು ಅಗಲ ಐತೆ? ನಾನು ರಾಯದುರ್ಗಕ್ಕೆ ಬಂದಾಗ ಒಂದ್ಸಾರಿ ನೋಡ್ತೀನಿ ಬಿಡಿ. ಹೊಕ್ಕಂಗಿದ್ರೆ ಎಕ್ಸ್‌ಚೇಂಜ್ ಮಾಡಿಕೊಡೋಣ," ಎಂದರು.

ನಮ್ಮ ಗೇಟಿನಲ್ಲಿ ಹುಲ್ಲು ತುಂಬಿದ ಎತ್ತಿನ ಗಾಡಿ ಸಲೀಸಾಗಿ ಹೋಗುತ್ತದೆ. ಮ್ಯಾನೇಜರು ಇದುವರೆಗೆ ಬಂದಿಲ್ಲ. ಆದರೂ ಇನ್‌ಶರ್ಟ್ ಮಾಡಿದವರು ಯಾರಾದರೂ ನಮ್ಮ ಬೀದಿಗೆ ತಿರುಗಿದರೆ ಸಾಕು, ನಾನು ಓಡಿಹೋಗಿ ಗೇಟಿನ ಒಂದು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಸಣ್ಣ ಕಾರು ಬೀದಿಯಲ್ಲೇ ನಿಂತು ಬಿಸಿಲು ಕಾಯುತ್ತಿದೆ. ಯಾಕೆಂದರೆ ಅರ್ಧ ಗೇಟಿನಲ್ಲಿ ಅದೂ ಹೋಗುವುದಿಲ್ಲ.